ಬುಧವಾರ ರಾತ್ರಿಯ ದನಿ

ನಾವು ಕನ್ನಡದಲ್ಲಿ ‘ಸಂದರ್ಶನ’ ಎಂಬ ಮಾತನ್ನು ಬಳಸುತ್ತೇವೆ. ಚೆನ್ನಾಗಿ ಕಾಣುವುದು ಎಂದು ಅದರ ಅರ್ಥ. ಆದರೆ ರೇಡಿಯೋದ ಸಂದರ್ಶನದಲ್ಲಿ ಕಾಣುವುದೆಂಬುದೇ ಇಲ್ಲ. ಕೇಳಿದವರ ಮುಖವೂ ಕಾಣದು, ಹೇಳಿದವರ ಮುಖವೂ ಕಾಣದು. ಹೀಗಿದ್ದರೂ, ಕಣ್ಣಾರೆ ಕಂಡ ಅನೇಕರಿಗಿಂತ ಕಿವಿಯಾರೆ ಕೇಳಿದ ಕೆಲವರೇ ನಮಗೆ ಹೆಚ್ಚು ಹತ್ತಿರದವರಾಗಿಬಿಡುವುದುಂಟು. ನನಗೆ ಹಾಗೆ ಹತ್ತಿರದವರಾದವರಲ್ಲಿ ಮೊದಲಿಗರು ಅಮೀನ್ ಸಯಾನಿಯವರು. ಅವರನ್ನು ನಾನು ಒಮ್ಮೆಯೂ ಕಂಡವನಲ್ಲ.

2024ರ ಫೆಬ್ರವರಿ 20ರಂದು ಅವರು ಮುಂಬಯಿಯಲ್ಲಿ ತೀರಿಕೊಂಡರು. ಅವರಿಗೆ ತೊಂಬತ್ತೊಂದು ವರ್ಷ ತುಂಬಿತ್ತು. ಮರುದಿನ ಶಾಲೆಯಲ್ಲಿ, ಅಧ್ಯಾಪಕರ ಕೊಠಡಿಯಲ್ಲಿ ಕುಳಿತು ಆ ಸುದ್ದಿಯನ್ನು ಹೇಳಿದೆ. ಎಳೆಯ ಉಪಾಧ್ಯಾಯರೊಬ್ಬರು, “ಯಾರು ಸಾರ್ ಅವರು?” ಎಂದು ಕೇಳಿದರು. ನನ್ನ ಓರಗೆಯ ಗಣಿತದ ಮೇಷ್ಟ್ರು ಮಾತ್ರ ತಲೆಯೆತ್ತಿ, ಬಾಯಿಗೆ ಕೈ ಅಡ್ಡವಿಟ್ಟುಕೊಂಡು, ಅದೇ ಧಾಟಿಯಲ್ಲಿ, “ಬೆಹನೋ ಔರ್ ಭಾಯಿಯೋ” ಎಂದರು. ಅಷ್ಟರಿಂದಲೇ ನಾವಿಬ್ಬರೂ ಹದಿನಾಲ್ಕು ವರ್ಷದ ಹುಡುಗರಾಗಿಬಿಟ್ಟೆವು.

ಅವರು ಯಾರೆಂಬುದನ್ನು ನಿಮ್ಮಲ್ಲಿ ಕಿರಿಯರಾದವರಿಗೆ ನಾಲ್ಕು ಮಾತಿನಲ್ಲಿ ಹೇಳುವುದು ಉಚಿತ. ಸಯಾನಿಯವರು 1932ರಲ್ಲಿ ಮುಂಬಯಿಯಲ್ಲಿ ಜನಿಸಿದರು. ತಾಯಿ ಕುಲ್ಸುಮ್ ಸಯಾನಿಯವರು ಗಾಂಧೀಜಿಯವರ ಪ್ರೋತ್ಸಾಹದಿಂದ ‘ರಹಬರ್’ ಎಂಬ ಪಾಕ್ಷಿಕ ಪತ್ರಿಕೆಯನ್ನು 1940ರಿಂದ 1960ರವರೆಗೆ ನಡೆಸಿದರು. ಹೊಸದಾಗಿ ಓದುಬರೆಹ ಕಲಿತ ವಯಸ್ಕರಿಗಾಗಿ ನಡೆಯುತ್ತಿದ್ದ ಪತ್ರಿಕೆ ಅದು. ದೇವನಾಗರಿ, ಉರ್ದು, ಗುಜರಾತಿ ಎಂಬ ಮೂರು ಲಿಪಿಗಳಲ್ಲಿ, ಸರಳವಾದ ಹಿಂದೂಸ್ತಾನಿಯಲ್ಲಿ ಹೊರಡುತ್ತಿತ್ತು. ಆ ಕೆಲಸದಲ್ಲಿ ಮಗನೂ ಕೈ ನೀಡುತ್ತಿದ್ದ. ಮುಂದೆ ಕೋಟ್ಯಂತರ ಜನಕ್ಕೆ ತಿಳಿಯುವಂಥ ಮಾತನ್ನು ಅವರು ಕಲಿತದ್ದು ಯಾವ ವಿದ್ಯಾಪೀಠದಲ್ಲೂ ಅಲ್ಲ, ತಾಯಿಯ ಮೇಜಿನ ಬಳಿ.

ಅಣ್ಣ ಹಮೀದ್ ಸಯಾನಿಯವರು ಇಂಗ್ಲಿಷಿನ ಹೆಸರಾಂತ ಪ್ರಸಾರಕರು. ಅವರ ಬೆರಳು ಹಿಡಿದು ಏಳನೆಯ ವಯಸ್ಸಿನಲ್ಲಿಯೇ ಅಮೀನರು ಮುಂಬಯಿ ರೇಡಿಯೋ ನಿಲಯದ ಮೆಟ್ಟಿಲು ಹತ್ತಿದರು. ಆದರೆ ದೊಡ್ಡವರಾದ ಮೇಲೆ ಹಿಂದಿಯ ಧ್ವನಿಪರೀಕ್ಷೆಗೆ ಹೋದಾಗ, ಉಚ್ಚಾರಣೆಯಲ್ಲಿ ಗುಜರಾತಿ ಮತ್ತು ಇಂಗ್ಲಿಷುಗಳ ನೆರಳಿದೆಯೆಂದು ಅವರನ್ನು ತೆಗೆದುಕೊಳ್ಳಲಿಲ್ಲ. ಮುಪ್ಪಿನಲ್ಲಿ ತಾವು ಕೊಟ್ಟ ಸಂದರ್ಶನಗಳಲ್ಲಿ ಈ ಸಂಗತಿಯನ್ನು ಅವರು ನಗುನಗುತ್ತಲೇ ಹೇಳಿಕೊಳ್ಳುತ್ತಿದ್ದರು. ಸಿಲೋನ್ ರೇಡಿಯೋದ ಹಿಂದೀ ಕಾರ್ಯಕ್ರಮಗಳು ಆಗ ಮುಂಬಯಿಯಲ್ಲಿಯೇ ಧ್ವನಿಮುದ್ರಿತವಾಗಿ ಕೊಲಂಬೋಗೆ ಹೋಗುತ್ತಿದ್ದುವು. ಅಂಥದೊಂದು ಕಾರ್ಯಕ್ರಮದಲ್ಲಿ ಜಾಹೀರಾತು ಓದುವ ಕೆಲಸ ಅವರಿಗೆ ಸಿಕ್ಕಿತು. ಸಂಬಳವೆಂದರೆ ವಾರಕ್ಕೊಂದು ಓವಲ್ಟೀನ್ ಡಬ್ಬಿ.

ಕಾಲವೂ ಅವರಿಗೆ ಅನುಕೂಲವಾಗಿ ಒದಗಿಬಂತು. 1952ರಲ್ಲಿ ಬಿ. ವಿ. ಕೇಸ್ಕರ್ ಅವರು ವಾರ್ತಾ ಮತ್ತು ಪ್ರಸಾರ ಸಚಿವರಾದರು. ಶಾಸ್ತ್ರೀಯ ಸಂಗೀತಕ್ಕೆ ಅವರಿಂದಾದ ಉಪಕಾರ ದೊಡ್ಡದು. ಆದರೆ ಸಿನಿಮಾ ಹಾಡುಗಳ ಮೇಲೆ ಅವರಿಗೆ ಒಲವಿರಲಿಲ್ಲ. ನಮ್ಮ ನಿಲಯಗಳಲ್ಲಿ ಆ ಹಾಡುಗಳು ಬಹುಮಟ್ಟಿಗೆ ನಿಂತುಹೋದುವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗಾಗಿ ಸಿಂಹಳದಲ್ಲಿ ನಿಲ್ಲಿಸಿದ್ದ ಬಲವಾದ ಪ್ರೇಷಕಯಂತ್ರವು ಯುದ್ಧ ಮುಗಿದ ಮೇಲೆ ಸಿಲೋನ್ ರೇಡಿಯೋಗೆ ಸೇರಿತ್ತು. ಹಾಡು ಬೇಕಾದವರ ಮುಳ್ಳು ಅತ್ತ ತಿರುಗಿತು. 1952ರ ಡಿಸೆಂಬರ್ 3, ಬುಧವಾರ ರಾತ್ರಿ, ‘ಬಿನಾಕಾ ಗೀತಮಾಲಾ’ ಮೊದಲ ಬಾರಿಗೆ ಪ್ರಸಾರವಾಯಿತು. ನಡೆಸಿಕೊಟ್ಟ ಹುಡುಗನಿಗೆ ಇಪ್ಪತ್ತು ವರ್ಷ ತುಂಬಲು ಇನ್ನೂ ಹದಿನೆಂಟು ದಿನ ಬಾಕಿಯಿತ್ತು. ಬರೆಯುವುದು, ಓದುವುದು, ಬಂದ ಕಾಗದಗಳನ್ನು ಒಡೆದು ನೋಡುವುದು, ಎಲ್ಲ ಸೇರಿ ವಾರಕ್ಕೆ 25 ರೂಪಾಯಿ. ಮೊದಲ ಕಾರ್ಯಕ್ರಮಕ್ಕೇ 9,000 ಕಾಗದಗಳು ಬಂದುವೆಂದೂ, ಮುಂದೆ ಅದು ವಾರಕ್ಕೆ 65,000ದವರೆಗೆ ಏರಿತೆಂದೂ ಅವರೇ ಹೇಳಿದ್ದಾರೆ.

ಈ ಕಾಗದ ಬರೆದವರು ಯಾರು? ಇವರನ್ನು ನಾವು ‘ಅಭಿಮಾನಿಗಳು’ ಎನ್ನುತ್ತೇವೆ. ‘ಅಭಿಮಾನ’ವೆಂದರೆ ‘ಇದು ನನ್ನದು’ ಎಂಬ ಭಾವ. ಇಂದು ಅಭಿಮಾನಿ ಎಂದೊಡನೆ ಚಿತ್ರಮಂದಿರದ ಮುಂದಿನ ಕಟೌಟಿಗೆ ಹಾಲೆರೆಯುವವನ ಚಿತ್ರ ಕಣ್ಣಿಗೆ ಬರುತ್ತದೆ. ರೇಡಿಯೋದ ಅಭಿಮಾನಿ ಬೇರೆಯ ಜಾತಿಯವನು. ಅವನ ಆಯುಧ ಅಂಚೆಯ ಕಾರ್ಡು. ಊರೂರುಗಳಲ್ಲಿ ಅವರು ಶ್ರೋತೃಸಂಘಗಳನ್ನು ಕಟ್ಟಿಕೊಂಡಿದ್ದರು. ಯಾವ ಹಾಡು ಯಾವ ಮೆಟ್ಟಿಲಲ್ಲಿ ನಿಲ್ಲಬೇಕೆಂಬುದನ್ನು ಗೊತ್ತುಮಾಡುವಾಗ ಅಂಗಡಿಗಳಲ್ಲಿ ತಟ್ಟೆಗಳು ಮಾರಾಟವಾದ ಲೆಕ್ಕದ ಜೊತೆಗೆ ಈ ಸಂಘಗಳ ಅಭಿಪ್ರಾಯವನ್ನೂ ಕೇಳಲಾಗುತ್ತಿತ್ತು. ಝುಮ್ರಿ ತಿಲೈಯಾ ಎಂಬ ಊರಿನ ಹೆಸರನ್ನು ನೀವು ಕೇಳಿರಬಹುದು. ಆಗಿನ ಬಿಹಾರದ, ಈಗಿನ ಝಾರ್ಖಂಡದ, ಅಭ್ರಕದ ಗಣಿಗಳ ಸಣ್ಣ ಊರು. ಅಲ್ಲಿಂದ ಹಾಡು ಬೇಡಿ ಬರುತ್ತಿದ್ದ ಕಾಗದಗಳು ಎಷ್ಟೆಂದರೆ, ಅಂಥ ಊರು ನಿಜವಾಗಿ ಉಂಟೆ, ಅಥವಾ ರೇಡಿಯೋದವರು ಕಟ್ಟಿದ ಕಥೆಯೆ ಎಂದು ಕೇಳಿದವರು ಸಂಶಯಪಡುವಂತಾಯಿತು. ಭೂಪಟದಲ್ಲಿ ಕಣ್ಣಿಗೆ ಬೀಳದ ಊರಿನವರು ತಮ್ಮ ಊರಿನ ಹೆಸರನ್ನು ದೇಶವೆಲ್ಲ ಕೇಳುವಂತೆ ಮಾಡಿದರು.

ನಾನೂ ಆ ಜಾತಿಯವನೇ. ನಮ್ಮದು ತಾಲ್ಲೂಕು ಕೇಂದ್ರದ ಹಳೆಯ ಬೀದಿ. ಮನೆಯಲ್ಲಿ ರೇಡಿಯೋ ಇತ್ತು. ಆದರೆ ಅದು ಪ್ರದೇಶ ಸಮಾಚಾರಕ್ಕೆ, ಗಮಕಕ್ಕೆ, ಬೆಳಗಿನ ಭಕ್ತಿಗೀತೆಗಳಿಗೆ ಮಾತ್ರ ಬಾಯಿ ತೆರೆಯಬೇಕೆಂಬುದು ನಮ್ಮ ತಂದೆಯವರ ಕಟ್ಟಳೆ. ಅವರು ಗಮಕಿಗಳು. ಸಂಜೆಯ ಹೊತ್ತು ದೀಪ ಹಚ್ಚಿದ ಮೇಲೆ ಪಡಸಾಲೆಯಲ್ಲಿ ಕುಳಿತು ಕುಮಾರವ್ಯಾಸ ಭಾರತವನ್ನು ವಾಚಿಸುತ್ತಿದ್ದರು. ನೆರೆಹೊರೆಯವರು ನಾಲ್ಕು ಜನ ಬಂದು ಕೂರುತ್ತಿದ್ದರು. ಬುಧವಾರ ಮಾತ್ರ ನಾನು ಏನಾದರೊಂದು ನೆಪ ಹೇಳಿ, ಎಂಟು ಗಂಟೆಗೆ ಸರಿಯಾಗಿ ಬಸ್ ನಿಲ್ದಾಣದ ಬಳಿಯ ದರ್ಜಿಯ ಅಂಗಡಿಯ ಮುಂದೆ ಹಾಜರಾಗುತ್ತಿದ್ದೆ. ಹೊಲಿಗೆಯ ಯಂತ್ರ ನಿಲ್ಲುತ್ತಿತ್ತು. ಹ್ರಸ್ವತರಂಗದ ಸದ್ದು ಕಡಲಿನ ಅಲೆಯಂತೆ ಏರಿ ಇಳಿಯುತ್ತ, ನಡುನಡುವೆ ಆ ದನಿ ತೇಲಿ ಬರುತ್ತಿತ್ತು. ಆ ವೇಳೆಗೆ ಅದರ ಹೆಸರು ‘ಸಿಬಾಕಾ ಗೀತಮಾಲಾ’ ಎಂದಾಗಿತ್ತು. ನನಗೆ ಬರುತ್ತಿದ್ದ ಹಿಂದಿ ಶಾಲೆಯ ಪುಸ್ತಕದ ಹಿಂದಿ. ಆದರೂ ಒಂದು ಮಾತೂ ತಪ್ಪದೆ ತಿಳಿಯುತ್ತಿತ್ತು. ಹದಿನೈದು ಪೈಸೆಯ ಕಾರ್ಡಿನಲ್ಲಿ ನನ್ನ ಹೆಸರು, ಊರು ಬರೆದು ಎಷ್ಟೋ ಬಾರಿ ಕಳುಹಿಸಿದೆ. ನನ್ನ ಹೆಸರು ಒಂದು ದಿನವೂ ಬರಲಿಲ್ಲ. ಆದರೆ ಮುಂದಿನ ಬುಧವಾರ ಬರಬಹುದೆಂಬ ಆಸೆ ಒಂದು ವಾರವೂ ಬತ್ತಲಿಲ್ಲ.

ಸಯಾನಿಯವರು ಹಾಡು ಹಾಕುವವರು ಮಾತ್ರವಾಗಿರಲಿಲ್ಲ. ಅವರು ಒಳ್ಳೆಯ ಸಂದರ್ಶಕರು. ‘ಫಿಲ್ಮೀ ಮುಕದ್ದಮಾ’ ಎಂಬ ಅವರ ಕಾರ್ಯಕ್ರಮದಲ್ಲಿ ಸಿನಿಮಾ ತಾರೆಯರನ್ನು ಕಟಕಟೆಯಲ್ಲಿ ನಿಲ್ಲಿಸಿ ವಿನೋದವಾಗಿ ಆರೋಪ ಹೊರಿಸುತ್ತಿದ್ದರು. ಇದು ಬರಿಯ ತಮಾಷೆಯಲ್ಲ, ಮನುಷ್ಯಸ್ವಭಾವವನ್ನು ಬಲ್ಲವರ ಉಪಾಯ. “ನಿಮ್ಮ ಜೀವನದ ಬಗ್ಗೆ ಹೇಳಿ” ಎಂದರೆ ಯಾರಿಗೂ ಮಾತು ಹೊರಡದು. “ನಿಮ್ಮ ಮೇಲೆ ಇಂಥ ದೂರಿದೆ, ನಿಜವೆ?” ಎಂದರೆ ತಾನಾಗಿಯೇ ಮಾತು ಹರಿಯುತ್ತದೆ. ನಮ್ಮ ಹಿರಿಯರಿಗೂ ಈ ಗುಟ್ಟು ತಿಳಿದಿತ್ತು. ‘ಶೂನ್ಯಸಂಪಾದನೆ’ಯನ್ನು ತೆರೆದು ನೋಡಿ. ಅನುಭವ ಮಂಟಪಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಹೊಗಳಿ ಬರಮಾಡಿಕೊಳ್ಳುವುದಿಲ್ಲ. ಕೆಣಕಿ ಪ್ರಶ್ನಿಸುತ್ತಾನೆ. ಆ ಪ್ರಶ್ನೆಗಳ ಬಿಸಿಗೇ ಅಕ್ಕನ ನಿಲುವು ಹೊರಗೆ ಬರುತ್ತದೆ. ಒಳ್ಳೆಯ ಸಂದರ್ಶಕನು ಉತ್ತರವನ್ನು ಬೇಡುವುದಿಲ್ಲ. ಉತ್ತರ ಹುಟ್ಟಲು ಜಾಗ ಮಾಡಿಕೊಡುತ್ತಾನೆ.

ಸಿಲೋನಿನಿಂದ 1988ರವರೆಗೂ, ಆ ಮೇಲೆ ವಿವಿಧಭಾರತಿಯಿಂದ 1994ರವರೆಗೂ ಗೀತಮಾಲೆ ನಡೆಯಿತು. ಅನಂತರ ಅಂಗೈಯಗಲದ ಯಂತ್ರಗಳ ಕಾಲ ಬಂತು. ಈಗ ನನ್ನ ವಿದ್ಯಾರ್ಥಿಗಳು ಬುಧವಾರಕ್ಕೆ ಕಾಯುವುದಿಲ್ಲ. ಅವರು ಕೇಳುವುದು ‘ಪಾಡ್‌ಕಾಸ್ಟ್’. ಈ ಪದದ ಹುಟ್ಟನ್ನು ಹುಡುಕಿದರೆ, 2004ರ ಫೆಬ್ರವರಿಯಲ್ಲಿ ಬೆನ್ ಹ್ಯಾಮರ್ಸ್‌ಲಿ ಎಂಬ ಪತ್ರಕರ್ತರು ಲಂಡನ್ನಿನ ‘ಗಾರ್ಡಿಯನ್’ ಪತ್ರಿಕೆಯಲ್ಲಿ ಅದನ್ನು ಮೊದಲು ಬಳಸಿದ್ದು ಕಾಣುತ್ತದೆ. ‘ಐಪಾಡ್’ ಎಂಬ ಹಾಡುಪೆಟ್ಟಿಗೆಯ ಬಾಲವನ್ನೂ ಇಂಗ್ಲಿಷಿನ ‘ಬ್ರಾಡ್‌ಕಾಸ್ಟ್’ ಎಂಬುದರ ಬಾಲವನ್ನೂ ಸೇರಿಸಿ ಕಟ್ಟಿದ ಸಮಾಸ. ವಸ್ತುವಿನ ಹುಟ್ಟು ಇನ್ನೂ ಸ್ವಾರಸ್ಯವಾಗಿದೆ. ಅಮೆರಿಕದ ಬಾಸ್ಟನ್ನಿನಲ್ಲಿ ಕ್ರಿಸ್ಟಫರ್ ಲೈಡನ್ ಎಂಬ ರೇಡಿಯೋ ಸಂದರ್ಶಕರಿದ್ದರು. ನಿಲಯದ ಕೆಲಸವನ್ನು ಬಿಟ್ಟ ಅವರು, 2003ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಡೇವ್ ವೈನರ್ ಎಂಬ ಕಂಪ್ಯೂಟರ್ ಪಂಡಿತರೊಡನೆ ಸೇರಿ ಒಂದು ಪ್ರಯೋಗ ಮಾಡಿದರು. ಲೈಡನ್ನರು ಸಂದರ್ಶನಗಳನ್ನು ಧ್ವನಿಮುದ್ರಿಸಿದರು. ವೈನರರು ಅವು ಚಂದಾದಾರರಿಗೆ ತಾವಾಗಿಯೇ ತಲುಪುವ ಏರ್ಪಾಡು ಮಾಡಿದರು. ಹಾಲಿನವನು ಬೆಳಿಗ್ಗೆ ಬಾಗಿಲ ಬಳಿ ಪೊಟ್ಟಣ ಇಟ್ಟುಹೋಗುತ್ತಾನಲ್ಲ, ಹಾಗೆ. ಎದ್ದಾಗ ಕಾಯಿಸಿಕೊಳ್ಳಬಹುದು. ಇಷ್ಟು ಹೊಸದೆನಿಸುವ ಈ ವಿದ್ಯೆ ಮೊದಲಾದದ್ದು ಒಬ್ಬ ಹಳೆಯ ರೇಡಿಯೋ ಸಂದರ್ಶಕರ ಪ್ರಶ್ನೆಯಿಂದ ಎಂಬುದನ್ನು ನೀವು ನೆನಪಿಟ್ಟುಕೊಳ್ಳಬೇಕು.

ನಮಗೆ ಇದು ತೀರ ಹೊಸದೂ ಅಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವ್ಯಾಟಿನ ಪ್ರೇಷಕಯಂತ್ರವನ್ನಿಟ್ಟು ಪ್ರಸಾರ ತೊಡಗಿದರು. ಮನೆಯ ವಿದ್ಯುದ್ದೀಪವೊಂದಕ್ಕೆ ಸಾಲುವಷ್ಟೇ ಶಕ್ತಿ ಅದು. ‘ಆಕಾಶವಾಣಿ’ ಎಂಬ ಹೆಸರನ್ನು ದೇಶದ ರೇಡಿಯೋ ಅನಂತರ ಧರಿಸಿತು. ಮೊದಲು ಧರಿಸಿದ್ದು ಆ ಮೈಸೂರಿನ ಮನೆಯ ನಿಲಯ. ಇಂದು ತನ್ನ ಕೋಣೆಯ ಕದವಿಕ್ಕಿಕೊಂಡು, ಫೋನನ್ನು ಮುಂದಿಟ್ಟುಕೊಂಡು ಮಾತನಾಡುವ ತರುಣನು ತಿಳಿದೋ ತಿಳಿಯದೆಯೋ ಆ ಪ್ರಾಧ್ಯಾಪಕರ ಮನೆತನದವನೇ ಆಗಿದ್ದಾನೆ.

ಹಾಗಾದರೆ ಹಳೆಯದಕ್ಕೂ ಹೊಸದಕ್ಕೂ ಭೇದವೇ ಇಲ್ಲವೆ? ಇದೆ. ಕಾಯುವ ಸುಖ ಹೋಯಿತು. ಒಂದು ಊರೇ ಒಂದೇ ಗಳಿಗೆಯಲ್ಲಿ ಒಂದೇ ದನಿಯನ್ನು ಕೇಳುತ್ತಿದ್ದ ಸಂಭ್ರಮ ಹೋಯಿತು. ಅದಕ್ಕಾಗಿ ನಾನು ಒಂದಿಷ್ಟು ಮರುಗುತ್ತೇನೆ, ಇಲ್ಲವೆನ್ನಲಾರೆ. ಆದರೆ ಬಂದದ್ದೂ ಸಣ್ಣದಲ್ಲ. ಅಂದಿನ ಮಾತು ಹೇಳಿದೊಡನೆ ಗಾಳಿಗೆ ಹೋಗುತ್ತಿತ್ತು. ಧ್ವನಿಮುದ್ರಣದ ಪಟ್ಟಿ ದುಬಾರಿಯಾದ್ದರಿಂದ, ಒಂದನ್ನು ಅಳಿಸಿ ಅದರ ಮೇಲೆ ಮತ್ತೊಂದನ್ನು ಮುದ್ರಿಸುವುದು ಅನೇಕ ಕಡೆ ವಾಡಿಕೆಯಾಗಿತ್ತು. ಇಂದಿನ ಮಾತು ಉಳಿಯುತ್ತದೆ. ಸಯಾನಿಯವರು ತಮ್ಮ ಮುಪ್ಪಿನಲ್ಲಿ ಹಳೆಯ ಗೀತಮಾಲೆಯ ನೆನಪುಗಳನ್ನು ಮತ್ತೆ ಹೇಳಿ, ‘ಗೀತಮಾಲಾ ಕೀ ಛಾಂವ್ ಮೇಂ’ ಎಂಬ ಮಾಲೆಯನ್ನು ಧ್ವನಿಮುದ್ರಿಕೆಗಳಾಗಿ ತಂದರು. ಅವರು ತೀರಿಕೊಂಡ ಸುದ್ದಿ ಬಂದ ರಾತ್ರಿ ನಾನು ಫೋನಿನಲ್ಲಿ ಅವರ ಹೆಸರು ಬರೆದೆ. ಕ್ಷಣದಲ್ಲಿ ಆ ದನಿ ನನ್ನ ಕೋಣೆಯಲ್ಲಿತ್ತು. ಅಲೆಯ ಏರಿಳಿತವಿಲ್ಲ, ಗೊರಗೊರವಿಲ್ಲ.

ಆಗಲೇ ನನಗೆ ನಮ್ಮ ತಂದೆಯವರ ನೆನಪಾದದ್ದು.

ಕೆಲಸಕ್ಕೆ ಸೇರಿದ ಹೊಸದರಲ್ಲಿ, 1993ರಲ್ಲಿ, ಮೊದಲ ಸಂಬಳಗಳನ್ನು ಕೂಡಿಹಾಕಿ ನಾನೊಂದು ಟೇಪ್‌ರಿಕಾರ್ಡರ್ ಕೊಂಡಿದ್ದೆ. ರೇಡಿಯೋದ ಮುಂದೆ ಅದನ್ನಿಟ್ಟು ವಿವಿಧಭಾರತಿಯ ಗೀತಮಾಲೆಯನ್ನು ಮುದ್ರಿಸಿಕೊಳ್ಳುತ್ತಿದ್ದೆ. ಹಾಗೆ ತುಂಬಿದ ಕ್ಯಾಸೆಟ್ಟುಗಳು ಹದಿನಾಲ್ಕು. ಅದೇ ಹೊತ್ತಿನಲ್ಲಿ ಪಡಸಾಲೆಯಲ್ಲಿ ತಂದೆಯವರ ಭಾರತವಾಚನ ನಡೆದಿರುತ್ತಿತ್ತು. ಆ ಯಂತ್ರವನ್ನು ಒಂದು ದಿನವಾದರೂ ಅವರ ಮುಂದೆ ಇಡಬೇಕೆಂದು ನನಗೆ ತೋಚಲಿಲ್ಲ. ದಿನವೂ ಕೇಳುವ ದನಿ, ಎಲ್ಲಿ ಹೋಗುತ್ತದೆ ಎಂಬ ಭಾವ. ಎರಡು ವರ್ಷದ ಮೇಲೆ ಅವರು ಹೋದರು. ದನಿಯೂ ಹೋಯಿತು. ಎಷ್ಟೋ ವರ್ಷಗಳ ಮೇಲೆ ಆ ಕ್ಯಾಸೆಟ್ಟುಗಳನ್ನು ಹಾಕಿ ಕೇಳುತ್ತಿದ್ದಾಗ, ಒಂದರಲ್ಲಿ, ಒಂದು ಹಾಡು ಮುಗಿದು ಇನ್ನೊಂದು ಹತ್ತುವ ಸಂದಿನಲ್ಲಿ, ಹಿಂದಿನಿಂದ ಒಂದು ದನಿ ಕೇಳಿಸಿತು: “ಅದರ ಸದ್ದು ಸ್ವಲ್ಪ ತಗ್ಗಿಸಪ್ಪ, ಇಲ್ಲಿ ಪದ್ಯ ತಪ್ಪುತ್ತೆ.” ಏಳು ಮಾತು. ನಲವತ್ತು ವರ್ಷ ಭಾರತ ವಾಚಿಸಿದವರ ಕಂಠದಿಂದ ನನ್ನ ಬಳಿ ಉಳಿದಿರುವುದು ಅಷ್ಟೆ. ಅದನ್ನು ಫೋನಿಗೆ ಇಳಿಸಿಟ್ಟುಕೊಂಡಿದ್ದೇನೆ.

ಆದ್ದರಿಂದಲೇ ಎರಡು ವರ್ಷಗಳಿಂದ ಒಂಬತ್ತನೆಯ ತರಗತಿಯ ಮಕ್ಕಳಿಗೆ ನಾನೊಂದು ಕೆಲಸ ಕೊಡುತ್ತಿದ್ದೇನೆ. ದಸರಾ ರಜೆಯಲ್ಲಿ ಮನೆಯ ಹಿರಿಯರೊಬ್ಬರನ್ನು ಸಂದರ್ಶಿಸಿ, ಫೋನಿನಲ್ಲಿ ಮುದ್ರಿಸಿ ತರಬೇಕು. ಕಳೆದ ಬಾರಿ ಒಬ್ಬ ಹುಡುಗಿ ಇಪ್ಪತ್ತು ಪ್ರಶ್ನೆಗಳನ್ನು ಅಚ್ಚುಕಟ್ಟಾಗಿ ಬರೆದುಕೊಂಡು ಅಜ್ಜಿಯ ಮುಂದೆ ಕುಳಿತಳಂತೆ. “ಅಜ್ಜಿ, ನೀನು ಸ್ಕೂಲಿಗೆ ಹೋಗಿದ್ದೆಯಾ?” “ಇಲ್ಲ ಕಣವ್ವ.” “ನಿನಗೆ ಯಾವ ಹಬ್ಬ ಇಷ್ಟ?” “ಎಲ್ಲವೂ ಇಷ್ಟವೇ.” ಇಪ್ಪತ್ತು ಪ್ರಶ್ನೆಗಳೂ ಐದು ನಿಮಿಷದಲ್ಲಿ ಮುಗಿದುವು. ಹುಡುಗಿ ಪೆಚ್ಚಾಗಿ ಕಾಗದ ಮಡಿಸಿದಳು. ಯಂತ್ರವನ್ನು ನಿಲ್ಲಿಸಲು ಮರೆತಿದ್ದಳು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದದ್ದು ಕೇಳಿಸುತ್ತದೆ. ಕೋಳಿಯೊಂದು ಕೂಗುತ್ತದೆ. ಆಮೇಲೆ ಅಜ್ಜಿಯೇ, “ಸ್ಕೂಲಿಗೆ ಹೋಗಲಿಲ್ಲ ಅಂದೆನಲ್ಲ, ಒಂದು ದಿನ ಹೋಗಿದ್ದೆ” ಎಂದು ತೊಡಗಿದಳು. ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡು ಹೋದದ್ದು, ಮಗು ಅತ್ತದ್ದು, ಬಾಗಿಲ ಹೊರಗೆ ನಿಂತೇ ಅ, ಆ, ಇ, ಈ ಕಲಿತದ್ದು, ಇಂದಿಗೂ ಅಷ್ಟು ಅಕ್ಷರ ಮಾತ್ರ ಬರುವುದು. ಹನ್ನೊಂದು ನಿಮಿಷ. ತರಗತಿಯಲ್ಲಿ ಅದನ್ನು ಕೇಳಿಸಿದಾಗ ಯಾವ ಮಗುವೂ ಅಲುಗಲಿಲ್ಲ. ಆ ಹುಡುಗಿ ತಲೆ ತಗ್ಗಿಸಿ ಕುಳಿತಿದ್ದಳು. “ನನಗೆ ಇದು ಗೊತ್ತೇ ಇರಲಿಲ್ಲ ಸಾರ್” ಎಂದಳು.

ಸಂದರ್ಶನದ ಪಾಠವೆಲ್ಲ ಆ ಮೌನದಲ್ಲಿದೆ. ಪ್ರಶ್ನೆ ಕೇಳುವುದು ಅರ್ಧ ಕೆಲಸ. ಕೇಳಿ ಸುಮ್ಮನಿರುವುದು ಇನ್ನರ್ಧ. ಕನ್ನಡದಲ್ಲಿ ಪ್ರಶ್ನಿಸುವುದಕ್ಕೂ ಆಲಿಸುವುದಕ್ಕೂ ‘ಕೇಳು’ ಎಂಬ ಒಂದೇ ಧಾತುವಿದೆ. ಪದಗಳನ್ನು ಮೂವತ್ತು ವರ್ಷ ಪಾಠ ಹೇಳಿದ ನಾನು ಇದರ ಅರ್ಥವನ್ನು ಆ ಮಗುವಿನಿಂದ ಕಲಿತೆ.

ನಿಮ್ಮ ಮನೆಯಲ್ಲಿಯೂ ಒಂದು ದನಿ ಇದ್ದೇ ಇರುತ್ತದೆ. ಸೋಬಾನೆ ಬಲ್ಲ ದೊಡ್ಡಮ್ಮನಿರಬಹುದು, ಬರಗಾಲ ಕಂಡ ತಾತನಿರಬಹುದು, ರಾಗಿ ಬೀಸುವ ಪದ ಬಲ್ಲವರಿರಬಹುದು. ಯಂತ್ರ ನಿಮ್ಮ ಜೇಬಿನಲ್ಲಿಯೇ ಇದೆ. ಅವರ ಒಪ್ಪಿಗೆ ಪಡೆಯಿರಿ. ಮೊದಲಿಗೆ ಅವರ ಹೆಸರು, ಊರು, ಅಂದಿನ ತಾರೀಖು ಹೇಳಿರಿ. ಬೀಸಣಿಗೆಯ ಯಂತ್ರವನ್ನೂ ದೂರದರ್ಶನವನ್ನೂ ನಿಲ್ಲಿಸಿ. ಒಂದು ಪ್ರಶ್ನೆ ಕೇಳಿ. ಉತ್ತರ ಮುಗಿಯಿತೆಂದು ತೋರಿದ ಮೇಲೂ ಹತ್ತು ಎಣಿಸುವಷ್ಟು ಹೊತ್ತು ತಾಳಿರಿ. ಮುದ್ರಿಸಿದ್ದನ್ನು ಎರಡು ಕಡೆ ಇಟ್ಟುಕೊಳ್ಳಿರಿ, ಒಂದೇ ಫೋನನ್ನು ನಂಬಬೇಡಿ. ಲೋಕಕ್ಕೆಲ್ಲ ಕೇಳಿಸುವುದು, ಪಾಡ್‌ಕಾಸ್ಟ್ ಮಾಡುವುದು ಆಮೇಲಿನ ಮಾತು. ಅವರು ಬೇಡವೆಂದರೆ ಮನೆಯಲ್ಲಿಯೇ ಇರಲಿ.

ಸಯಾನಿಯವರ ದನಿಯನ್ನು ಉಳಿಸಲು ದೊಡ್ಡ ದೊಡ್ಡ ಸಂಸ್ಥೆಗಳಿವೆ, ಲಕ್ಷಾಂತರ ಅಭಿಮಾನಿಗಳಿದ್ದಾರೆ. ಅದು ಉಳಿಯುತ್ತದೆ. ನಿಮ್ಮ ಮನೆಯ ಪಡಸಾಲೆಯ ದನಿಗೆ ಇರುವ ಅಭಿಮಾನಿ ನೀವೊಬ್ಬರೇ. ಈ ವಾರವೇ ಒಂದು ಸಂಜೆ ಬಿಡುವು ಮಾಡಿಕೊಂಡು ಅವರ ಬಳಿ ಕುಳಿತುಕೊಳ್ಳಿರಿ. ಬುಧವಾರವೇ ಆಗಬೇಕೆಂದಿಲ್ಲ.